ಸೇನೆ ಬಿಟ್ಟ ಮೇಲೆ ನಾಗರಿಕ ಉದ್ಯೋಗ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಾನು ಸೇನೆಯಲ್ಲಿ ಗುಮಾಸ್ತನಾಗಿದ್ದವನು. ಊರಿಗೆ ಬಂದ ಮೇಲೆ ಸುತ್ತಲಿನ ಮಾಜಿ ಸೈನಿಕರ ಅರ್ಜಿ ತುಂಬಿಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ಬಿಡುಗಡೆಯಾಗಿ ಎಂಟು ಹತ್ತು ತಿಂಗಳಾದ ಮೇಲೆ ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಬರುವವರ ತೊಂದರೆ ಬಹುತೇಕ ಒಂದೇ ಆಗಿರುತ್ತದೆ. ಅವರಲ್ಲಿ ಅರ್ಹತೆಯೂ ಇರುತ್ತದೆ, ಮೀಸಲಾತಿಯೂ ಇರುತ್ತದೆ. ಆದರೆ ಯೂನಿಟ್‌ನಲ್ಲಿದ್ದಾಗಲೇ ಮುಗಿಸಬೇಕಾಗಿದ್ದ ಕೆಲಸವನ್ನು ಮನೆಗೆ ಬಂದ ಮೇಲೆ ಆರಂಭಿಸಿರುತ್ತಾರೆ. ಆದ್ದರಿಂದ ಈ ಬರಹದಲ್ಲಿ ಕೆಲಸಗಳ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಇದು ಸಿಪಾಯಿಯಿಂದ ಜೆಸಿಒ (ಸುಬೇದಾರ್ ಮುಂತಾದವರು) ವರೆಗಿನ ದರ್ಜೆಯವರಿಗೂ ನೌಕಾಪಡೆ, ವಾಯುಪಡೆಗಳ ಅದೇ ಮಟ್ಟದವರಿಗೂ ಬರೆದದ್ದು. ಅಧಿಕಾರಿಗಳ ದಾರಿ ಬೇರೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿ ಹೊರಬರುವ ಅಗ್ನಿವೀರರಿಗೆ ಮಾಜಿ ಸೈನಿಕರ ಸ್ಥಾನಮಾನವಾಗಲಿ ಪಿಂಚಣಿಯಾಗಲಿ ಇಲ್ಲ. ಅವರು ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳೂ ಕೆಲವು ರಾಜ್ಯಗಳೂ ಅಗ್ನಿವೀರರಿಗೆಂದೇ ಪ್ರತ್ಯೇಕ ಮೀಸಲಾತಿ ಪ್ರಕಟಿಸಿರುವುದರಿಂದ, ಅವರು ಅಧಿಸೂಚನೆಯಲ್ಲಿ ಆ ಶೀರ್ಷಿಕೆಯನ್ನೇ ಹುಡುಕಬೇಕು. ಕೆಳಗಿನ 1, 2, 6 ಮತ್ತು 7ನೇ ಹಂತಗಳು ಮಾತ್ರ ಅವರಿಗೂ ಅನ್ವಯಿಸುತ್ತವೆ.

ಹಂತ 1: ಬಿಡುಗಡೆಗೆ ಎರಡು ವರ್ಷ ಮೊದಲು, ಎಲ್ಲ ಕಾಗದಗಳಲ್ಲೂ ಒಂದೇ ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಸೇವಾ ದಾಖಲೆ, ಈ ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನಿಮ್ಮ ಹೆಸರು, ತಂದೆಯ ಹೆಸರು ಮತ್ತು ಜನ್ಮದಿನಾಂಕವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ನಮ್ಮ ಕಡೆ ಶಾಲೆಯಲ್ಲಿ ‘ಮಂಜುನಾಥ ಎಸ್.’ ಎಂದು ಬರೆಸಿಕೊಂಡವನು ಭರ್ತಿಯ ದಿನ ‘ಮಂಜುನಾಥ್ ಶಿವಪ್ಪ’ ಆಗಿರುತ್ತಾನೆ. ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಎ’ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಹದಿನೇಳು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರುವುದಿಲ್ಲ. ಆದರೆ ನೇಮಕಾತಿಯ ಮೂಲ ದಾಖಲೆ ಪರಿಶೀಲನೆಯ ದಿನ ಇದೊಂದೇ ಕಾರಣಕ್ಕೆ ಕಡತ ಪಕ್ಕಕ್ಕೆ ಹೋಗುತ್ತದೆ.

ಸೇವೆಯಲ್ಲಿರುವಾಗ ಇದನ್ನು ಸರಿಪಡಿಸುವುದು ಸುಲಭ. ಅಗತ್ಯ ದಾಖಲೆಗಳ ಸಮೇತ ಯೂನಿಟ್ ಕಚೇರಿಗೆ ಅರ್ಜಿ ಕೊಟ್ಟು ಪಾರ್ಟ್ ಟು ಆರ್ಡರ್ (ಸೇವಾ ದಾಖಲೆಯ ಬದಲಾವಣೆಯನ್ನು ಪ್ರಕಟಿಸುವ ಯೂನಿಟ್ ಆದೇಶ) ಹೊರಡಿಸಿಕೊಂಡರೆ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ತಿದ್ದುಪಡಿಯಾಗುತ್ತದೆ, ಡಿಸ್ಚಾರ್ಜ್ ಬುಕ್ (ಬಿಡುಗಡೆ ಪುಸ್ತಕ) ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಸರಿಯಾದ ಹೆಸರಿನಲ್ಲೇ ಕೈಸೇರುತ್ತವೆ. ಬಿಡುಗಡೆಯ ನಂತರ ಅಫಿಡವಿಟ್, ಪತ್ರಿಕಾ ಪ್ರಕಟಣೆ ಮತ್ತು ನಾಸಿಕ್‌ಗೋ ಜಬಲ್ಪುರಕ್ಕೋ, ಅಂದರೆ ನಿಮ್ಮ ರೆಕಾರ್ಡ್ ಆಫೀಸ್ ಇರುವ ಊರಿಗೆ, ನೋಂದಾಯಿತ ಅಂಚೆ ಬೇಕಾಗುತ್ತದೆ. ಗುಮಾಸ್ತನಾಗಿ ನೂರಾರು ಜನರ ಹೆಸರು ತಿದ್ದಿಸಿದ ನಾನು ನನ್ನ ತಂದೆಯ ಹೆಸರಿನಲ್ಲಿದ್ದ ಒಂದಕ್ಷರದ ತಪ್ಪನ್ನು ನೋಡಿರಲಿಲ್ಲ. ಅದು ಸರಿಯಾಗುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆದು ಒಂದು ನೇಮಕಾತಿ ಕೈತಪ್ಪಿತು. ಹೆಂಡತಿ ಮಕ್ಕಳ ಹೆಸರು ಮತ್ತು ಜನ್ಮದಿನಾಂಕಗಳನ್ನೂ ಇದೇ ಸಂದರ್ಭದಲ್ಲಿ ಸರಿಪಡಿಸಿಕೊಳ್ಳಿ.

ಹಂತ 2: ವಿದ್ಯಾರ್ಹತೆ ಮತ್ತು ತರಬೇತಿ

ಮೆಟ್ರಿಕ್ ಅಥವಾ ಸೇನೆಯ ತತ್ಸಮಾನ ಶಿಕ್ಷಣ ಪ್ರಮಾಣಪತ್ರ ಇದ್ದು 15 ವರ್ಷ ಸೇವೆ ಪೂರೈಸಿದವರನ್ನು, ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಿಲ್ಲದ ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳಿಗೆ ಪದವೀಧರರಿಗೆ ಸಮಾನವೆಂದು ಪರಿಗಣಿಸುವ ನಿಯಮವಿದೆ. ಇದರ ಪ್ರಮಾಣಪತ್ರವನ್ನು ಬಿಡುಗಡೆಯ ಕಾಗದಗಳ ಜೊತೆಗೇ ಪಡೆದುಕೊಳ್ಳಿ. ಆದರೆ ಅದು ಪದವಿಯಲ್ಲ. ರಾಜ್ಯ ಸರ್ಕಾರದ ಹುದ್ದೆಗೋ ಖಾಸಗಿ ಕಂಪನಿಗೋ ಅದನ್ನೇ ಪದವಿಯೆಂದು ತೋರಿಸಿ ತಿರಸ್ಕೃತರಾದವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಮೂರು ವರ್ಷದಷ್ಟು ಸೇವೆ ಉಳಿದಿದ್ದರೆ ಇಗ್ನೋ ಅಥವಾ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪದವಿಗೆ ಹೆಸರು ನೋಂದಾಯಿಸಿಕೊಳ್ಳುವುದು ಒಳ್ಳೆಯದು.

ರಕ್ಷಣಾ ಸಚಿವಾಲಯದ ಅಡಿಯಲ್ಲಿರುವ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಡಿಜಿಆರ್ ಎಂದು ಕರೆಯುವ ಸಂಸ್ಥೆ, ಸೇವೆಯ ಕೊನೆಯ ಅವಧಿಯಲ್ಲಿರುವವರಿಗೆ ಕೋರ್ಸ್‌ಗಳನ್ನು ನಡೆಸುತ್ತದೆ. ಯೂನಿಟ್ ಮೂಲಕವೇ ಹೆಸರು ಹೋಗಬೇಕಾದ್ದರಿಂದ ವರ್ಷದ ಕೋರ್ಸ್ ಪಟ್ಟಿ ಬಂದ ಕೂಡಲೇ ಹೆಡ್ ಕ್ಲರ್ಕ್ ಬಳಿ ವಿಚಾರಿಸಿ. ಊರಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಕೋರ್ಸ್ ಆರಿಸಿಕೊಂಡು, ರಜೆ ಕಳೆದಂತೆ ಕಳೆದುಬಿಡುವುದು ಇಲ್ಲಿನ ಸಾಮಾನ್ಯ ತಪ್ಪು.

ಚಾಲಕರಾಗಿದ್ದವರು ಸೇನೆಯ ಲೈಸೆನ್ಸ್ ಒಂದನ್ನೇ ನಂಬಿ ಕೂರಬಾರದು. ಯೂನಿಟ್‌ನಿಂದ ಚಾಲನಾ ಅನುಭವದ ಪತ್ರ ಪಡೆದು ಆರ್‌ಟಿಒದಲ್ಲಿ ಭಾರೀ ವಾಹನದ ನಾಗರಿಕ ಲೈಸೆನ್ಸ್ ಮಾಡಿಸಿಕೊಳ್ಳಿ. ವಾಯುಪಡೆಯ ತಂತ್ರಜ್ಞರು ನಾಗರಿಕ ವಿಮಾನಗಳ ನಿರ್ವಹಣೆಯ ಕೆಲಸಕ್ಕೆ ಹೋಗುವುದಾದರೆ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ಮಾಡ್ಯೂಲ್ ಪರೀಕ್ಷೆಗಳನ್ನು ಸೇವೆಯಲ್ಲಿದ್ದಾಗಲೇ ಒಂದೊಂದಾಗಿ ಮುಗಿಸುತ್ತಾ ಬರಬೇಕು.

ಹಂತ 3: ಕೊನೆಯ ವರ್ಷ, ಸಮವಸ್ತ್ರದಲ್ಲಿರುವಾಗಲೇ ಅರ್ಜಿ

ನಿಗದಿತ ಸೇವಾವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಮಾಜಿ ಸೈನಿಕರ ಕೋಟಾದಲ್ಲಿ ಕೇಂದ್ರ ಸರ್ಕಾರದ ಹುದ್ದೆಗಳಿಗೆ ಅರ್ಜಿ ಹಾಕಲು ಅವಕಾಶವಿದೆ. ಅರ್ಜಿ, ಪರೀಕ್ಷೆ, ಫಲಿತಾಂಶ ಮತ್ತು ಪರಿಶೀಲನೆಗಳು ಸೇರಿ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವುದು ಸಾಮಾನ್ಯವಾದ್ದರಿಂದ, ಈ ಒಂದು ವರ್ಷವನ್ನು ಬಳಸಿಕೊಂಡವನು ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಕೆಲಸದಲ್ಲಿರುತ್ತಾನೆ. ಇದಕ್ಕೆ ಕಮಾಂಡಿಂಗ್ ಆಫೀಸರ್ ಅವರಿಂದ ನಿರಾಕ್ಷೇಪಣಾ ಪತ್ರ, ಬಿಡುಗಡೆಯ ದಿನಾಂಕ ನಮೂದಿಸಿದ ಪ್ರಮಾಣಪತ್ರ ಮತ್ತು ಅಧಿಸೂಚನೆಯ ಕೊನೆಯ ಪುಟಗಳಲ್ಲಿ ಕೊಟ್ಟಿರುವ ನಮೂನೆಯಲ್ಲಿ ನಿಮ್ಮ ಮುಚ್ಚಳಿಕೆ ಬೇಕು. ಬೇರೆ ನಮೂನೆಯಲ್ಲಿ ಬರೆದ ಪತ್ರವನ್ನು ಎಷ್ಟು ದೊಡ್ಡ ಅಧಿಕಾರಿ ಸಹಿ ಮಾಡಿದ್ದರೂ ಒಪ್ಪುವುದಿಲ್ಲ.

ವಯಸ್ಸಿನ ಲೆಕ್ಕವನ್ನು ತಪ್ಪಾಗಿ ಹಾಕಿ ‘ನನ್ನ ವಯಸ್ಸು ಮೀರಿತು’ ಎಂದು ಸುಮ್ಮನಾದವರು ಬಹಳ ಮಂದಿ. ಕೇಂದ್ರದ ನಿಯಮದ ಪ್ರಕಾರ ನಿಮ್ಮ ಈಗಿನ ವಯಸ್ಸಿನಿಂದ ಸೇನಾ ಸೇವೆಯ ವರ್ಷಗಳನ್ನು ಕಳೆಯಬೇಕು. ಉಳಿದದ್ದು ಹುದ್ದೆಯ ಗರಿಷ್ಠ ವಯೋಮಿತಿಗಿಂತ ಮೂರು ವರ್ಷಕ್ಕಿಂತ ಹೆಚ್ಚು ಮೀರಿರಬಾರದು. ನಿಮಗೆ 38 ವರ್ಷ, ಸೇವೆ 17 ವರ್ಷ, ಹುದ್ದೆಯ ಮಿತಿ 27 ಎಂದಿಟ್ಟುಕೊಳ್ಳಿ. 38ರಲ್ಲಿ 17 ಕಳೆದರೆ 21. ಮಿತಿ 27ಕ್ಕೆ 3 ಸೇರಿದರೆ 30. ಅಂದರೆ ನೀವು ಧಾರಾಳವಾಗಿ ಅರ್ಹರು, 47ನೇ ವಯಸ್ಸಿನವರೆಗೂ ಅರ್ಹರಾಗಿಯೇ ಇರುತ್ತೀರಿ. ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆಗಳಲ್ಲೂ ಸೇವೆ ಸಲ್ಲಿಸಿದ ವರ್ಷಗಳ ಜೊತೆಗೆ ಮೂರು ವರ್ಷದ ಸಡಿಲಿಕೆ ಇರುತ್ತದೆ. ಬ್ಯಾಂಕ್ ಗುಮಾಸ್ತ ಹುದ್ದೆಗಳಲ್ಲಿ ಇದೇ ಲೆಕ್ಕವಿದ್ದರೂ 50 ವರ್ಷದ ಗಡಿ ಹಾಕಿರುತ್ತಾರೆ.

ಒಂದು ಎಚ್ಚರಿಕೆ: ಪಿಂಚಣಿಗೆ ಬೇಕಾದ ಸೇವೆ ಪೂರೈಸುವ ಮೊದಲೇ ಸ್ವಂತ ಕೋರಿಕೆಯ ಮೇಲೆ ಹೊರಬಂದವರಿಗೂ ಅಶಿಸ್ತಿನ ಕಾರಣಕ್ಕೆ ಹೊರಹಾಕಲ್ಪಟ್ಟವರಿಗೂ ಈ ಸೌಲಭ್ಯ ಸಿಗುವುದಿಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಡುಗಡೆಯ ಕಾರಣ ಬರೆದಿರುವ ಸಾಲನ್ನು ಕೈಗೆ ಬಂದ ದಿನವೇ ಓದಿ, ತಪ್ಪಿದ್ದರೆ ಆ ದಿನವೇ ಹೇಳಿ.

ಹಂತ 4: ಊರಿಗೆ ಬಂದ ಮೊದಲ ತಿಂಗಳು

ಮೆರವಣಿಗೆ, ಸನ್ಮಾನ, ದೇವರ ಕಾರ್ಯ ಎಲ್ಲವೂ ಆಗಲಿ, ಆದರೆ ಅದೇ ತಿಂಗಳಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನಿಮ್ಮ ಜಿಲ್ಲೆಯ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ. ಎಲ್ಲ ಜಿಲ್ಲೆಗಳಲ್ಲೂ ಪ್ರತ್ಯೇಕ ಕಚೇರಿಯಿಲ್ಲ. ಕೆಲವು ಜಿಲ್ಲೆಗಳವರು ನೆರೆಯ ಜಿಲ್ಲೆಗೆ ಹೋಗಬೇಕಾಗುತ್ತದೆ. ಇಲಾಖೆಯ ನಿರ್ದೇಶನಾಲಯ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಭವನದಲ್ಲಿದೆ. ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ವಿದ್ಯಾರ್ಹತೆಯ ಪ್ರಮಾಣಪತ್ರ, ಕುಟುಂಬದ ಜಂಟಿ ಭಾವಚಿತ್ರ ಮತ್ತು ಎಲ್ಲದರ ಎರಡೆರಡು ನಕಲು ಒಯ್ಯಿರಿ. ಮಾಜಿ ಸೈನಿಕರ ಗುರುತಿನ ಚೀಟಿ ಸಿಗುವುದು ಇಲ್ಲಿಯೇ. ಉದ್ಯೋಗಕ್ಕಾಗಿ ನೋಂದಣಿ ಮಾಡುವುದು ಗುರುತಿನ ಚೀಟಿಯಿಂದ ಬೇರೆಯಾದ ಕೆಲಸ. ಚೀಟಿ ಪಡೆದು ನೋಂದಣಿ ಮರೆತು ಬರುವವರೇ ಹೆಚ್ಚು. ಅಲ್ಲಿಯೇ ಕೇಳಿ, ನೋಂದಣಿ ಸಂಖ್ಯೆ ಬರೆಸಿಕೊಳ್ಳಿ.

ಇದಲ್ಲದೆ ಭೂಸೇನೆಯವರಿಗೆ ಎಡಬ್ಲ್ಯುಪಿಒ ಎಂಬ ಉದ್ಯೋಗ ಸಂಸ್ಥೆಯಿದೆ. ನೌಕಾಪಡೆ ಮತ್ತು ವಾಯುಪಡೆಗಳಿಗೂ ತಮ್ಮದೇ ಉದ್ಯೋಗ ಘಟಕಗಳಿವೆ. ಡಿಜಿಆರ್ ನಡೆಸುವ ಮಾಜಿ ಸೈನಿಕರ ಉದ್ಯೋಗ ಮೇಳಗಳು ಬೆಂಗಳೂರಿನಲ್ಲೂ ನಡೆಯುತ್ತವೆ. ಮೇಳಕ್ಕೆ ಹೋಗುವಾಗ ಹತ್ತು ಪ್ರತಿ ರೆಸ್ಯೂಮೆ ಕೈಯಲ್ಲಿರಲಿ.

ಹಂತ 5: ಮೀಸಲಾತಿ ಎಲ್ಲಿ ಎಷ್ಟು, ಅದಕ್ಕೆ ಏನು ಬೇಕು

ಕೇಂದ್ರ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 10, ಹಿಂದೆ ಗ್ರೂಪ್ ‘ಡಿ’ ಎನ್ನುತ್ತಿದ್ದ ಮಟ್ಟದಲ್ಲಿ ಶೇ 20 ಮಾಜಿ ಸೈನಿಕರಿಗೆ ಮೀಸಲು. ಸಾರ್ವಜನಿಕ ಉದ್ದಿಮೆಗಳು ಮತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಇದು ಕ್ರಮವಾಗಿ ಶೇ 14.5 ಮತ್ತು ಶೇ 24.5, ಇದರಲ್ಲಿ ಶೇ 4.5 ಅಂಗವಿಕಲರಾದ ಮಾಜಿ ಸೈನಿಕರಿಗೂ ಹುತಾತ್ಮರ ಅವಲಂಬಿತರಿಗೂ ಸೇರಿದ್ದು. ಈ ಜಾಗಗಳು ಅರ್ಹರು ಸಿಗದೆ ಖಾಲಿ ಉಳಿಯುವುದೂ ಉಂಟು. ಕೋಟಾ ಇದೆಯೆಂದು ಓದದೆ ಪರೀಕ್ಷೆಗೆ ಕೂತು ಕನಿಷ್ಠ ಅಂಕಕ್ಕೂ ಬಾರದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅನುಭವ. ಗಣಿತ ಮತ್ತು ರೀಸನಿಂಗ್‌ಗೆ ದಿನಕ್ಕೆ ಎರಡು ಗಂಟೆಯಂತೆ ಆರು ತಿಂಗಳು ಕೊಡಲು ಸಾಧ್ಯವಿಲ್ಲದವರು ಈ ದಾರಿಗೆ ಇಳಿಯದಿರುವುದೇ ಲೇಸು. ರೈಲ್ವೆ ನೇಮಕಾತಿ, ಬ್ಯಾಂಕ್ ಗುಮಾಸ್ತ ಪರೀಕ್ಷೆ ಮತ್ತು ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಎಸ್‌ಎಸ್‌ಸಿಯ ಎಂಟಿಎಸ್‌ (ಬಹುಕಾರ್ಯ ಸಿಬ್ಬಂದಿ) ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಬರೆಯಬಹುದು. ಅರ್ಜಿಯಲ್ಲಿ ಭಾಷೆಯ ಕಲಂ ತುಂಬುವಾಗ ಗಮನವಿರಲಿ, ಆಮೇಲೆ ಬದಲಾಯಿಸಲಾಗದು.

ರಾಜ್ಯದ ಹುದ್ದೆಗಳಲ್ಲಿ ಮಾಜಿ ಸೈನಿಕರ ಮೀಸಲಾತಿ ಸಮತಲವಾದದ್ದು, ಅಂದರೆ ನಿಮ್ಮ ಜಾತಿ ಪ್ರವರ್ಗದ ಒಳಗೆ ಸಿಗುವಂಥದ್ದು. ಆದ್ದರಿಂದ 2ಎ, 3ಬಿ ಮುಂತಾದ ಪ್ರವರ್ಗದ ಪ್ರಮಾಣಪತ್ರ ಊರ್ಜಿತದಲ್ಲಿರಬೇಕು. ಕೇಂದ್ರದ ಒಬಿಸಿ ಪ್ರಮಾಣಪತ್ರವೇ ಬೇರೆ, ರಾಜ್ಯದ ಪ್ರವರ್ಗದ ಪ್ರಮಾಣಪತ್ರವೇ ಬೇರೆ. ಒಂದರ ಬದಲಿಗೆ ಇನ್ನೊಂದು ಕೊಟ್ಟರೆ ನಡೆಯುವುದಿಲ್ಲ. ಎರಡಕ್ಕೂ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು, ಆ ಜಿಲ್ಲೆಗಳಿಗೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371 ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನೂ ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಈ ಎಲ್ಲ ಪ್ರಮಾಣಪತ್ರಗಳ ದಿನಾಂಕ ಅರ್ಜಿಯ ಕೊನೆಯ ದಿನದೊಳಗೆ ಇರುವುದು ಮುಖ್ಯ.

ಇಲ್ಲಿ ಯಾರೂ ನಿರೀಕ್ಷಿಸದ ಅಡ್ಡಿಯೊಂದಿದೆ, ಅದು ಕಡ್ಡಾಯ ಕನ್ನಡ ಭಾಷಾ ಪರೀಕ್ಷೆ. 150 ಅಂಕಗಳ ಈ ಪತ್ರಿಕೆಯಲ್ಲಿ 50 ಬಾರದಿದ್ದರೆ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಕನ್ನಡವನ್ನೇ ಮಾತಾಡುವವನಿಗೆ ಇದೇನು ಮಹಾ ಎನಿಸುತ್ತದೆ. ಆದರೆ ಹದಿನೇಳು ವರ್ಷ ರೋಮನ್ ಲಿಪಿಯ ಹಿಂದಿಯಲ್ಲಿ ರಿಪೋರ್ಟ್ ಬರೆದ ಕೈಗೆ ಒತ್ತಕ್ಷರ ಮರೆತಿರುತ್ತದೆ. ನನ್ನ ಬಳಿ ಬಂದ ಒಬ್ಬ ಹವಾಲ್ದಾರರಿಗೆ ತಹಶೀಲ್ದಾರರಿಗೆ ಒಂದು ಪತ್ರ ಬರೆಯಿರಿ ಎಂದು ಹಾಳೆ ಕೊಟ್ಟೆ; ‘ಇಂದ’, ‘ಗೆ’, ‘ವಿಷಯ’ ಎಂದು ಸರಿಯಾಗಿ ಬರೆದವರು ‘ಪ್ರಮಾಣಪತ್ರ’ ಎಂಬಲ್ಲಿಗೆ ಬಂದು ಪೆನ್ನು ಎತ್ತಿ ಕೂತರು. ಪ್ರಬಂಧ, ಪತ್ರಲೇಖನ ಮತ್ತು ಸಂಕ್ಷೇಪಣೆಯನ್ನು ಕೈಯಲ್ಲೇ ಬರೆದು ಅಭ್ಯಾಸ ಮಾಡಿ. ದಿನಪತ್ರಿಕೆಯ ಸಂಪಾದಕೀಯವನ್ನು ದಿನಕ್ಕೆ ಅರ್ಧ ಪುಟ ನೋಡಿ ಬರೆದರೂ ಎರಡು ತಿಂಗಳಲ್ಲಿ ಕೈ ಕುದುರುತ್ತದೆ.

ಹಂತ 6: ಖಾಸಗಿ ಕೆಲಸಕ್ಕೆ ರೆಸ್ಯೂಮೆ

ಸರ್ಕಾರಿ ಅರ್ಜಿ ಹಾಕಿ ಫಲಿತಾಂಶ ಕಾಯುತ್ತಾ ಮನೆಯಲ್ಲಿ ಕೂರಬೇಡಿ. ಖಾಸಗಿ ಪ್ರಯತ್ನವೂ ಜೊತೆಜೊತೆಗೇ ನಡೆಯಲಿ. ಖಾಸಗಿ ಸಂಬಳದಿಂದ ಪಿಂಚಣಿ ಕಡಿತವಾಗುವುದಿಲ್ಲ.

ಸೇನೆಯ ಹುದ್ದೆಯ ಹೆಸರುಗಳು ಕಂಪನಿಯವರಿಗೆ ಅರ್ಥವಾಗುವುದಿಲ್ಲ. ‘ಸಿಕ್ಯುಎಂಎಚ್ ಆಗಿ ಮೂರು ವರ್ಷ ಸೇವೆ, ಶಿಸ್ತು ಮತ್ತು ನಿಷ್ಠೆಯುಳ್ಳವನು’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ಅದನ್ನೇ ಹೀಗೆ ಬರೆಯಿರಿ: ‘ಸುಮಾರು 120 ಜನರ ಪಡಿತರ, ಬಟ್ಟೆ ಮತ್ತು ಸಾಮಗ್ರಿಗಳ ಉಗ್ರಾಣದ ಉಸ್ತುವಾರಿ, ಪ್ರತಿ ತಿಂಗಳು ದಾಸ್ತಾನು ಎಣಿಕೆ, ಲೆಡ್ಜರ್ ನಿರ್ವಹಣೆ, ಮೂರು ವಾರ್ಷಿಕ ಆಡಿಟ್‌ಗಳಲ್ಲಿ ಕೊರತೆ ಕಂಡುಬಂದಿಲ್ಲ.’ ಉಗ್ರಾಣದ ಸೂಪರ್‌ವೈಸರ್ ಬೇಕಾದ ಕಂಪನಿಗೆ ಇದು ಕೂಡಲೇ ಹಿಡಿಸುತ್ತದೆ. ಎಂಟಿ (ವಾಹನ ವಿಭಾಗದ) ಹವಾಲ್ದಾರರು ಎಷ್ಟು ವಾಹನ, ಎಷ್ಟು ಚಾಲಕರು, ಡ್ಯೂಟಿ ಪಟ್ಟಿ ಯಾರು ಹಾಕುತ್ತಿದ್ದರು, ಇಂಧನದ ಲೆಕ್ಕ ಯಾರದ್ದು ಎಂಬುದನ್ನು ಬರೆಯಬೇಕು. ಸಿಗ್ನಲ್ಸ್‌ನವರು ಯಾವ ಉಪಕರಣ, ಎಷ್ಟು ದೂರದ ಕೇಬಲ್ ಅಥವಾ ರೇಡಿಯೊ ಜಾಲ ಎಂಬುದನ್ನು, ಗೋಪ್ಯ ವಿವರ ಮತ್ತು ಯೂನಿಟ್ ಇದ್ದ ಜಾಗದ ಹೆಸರು ಬಾರದಂತೆ ನೋಡಿಕೊಂಡು ಬರೆಯಬೇಕು.

ಎರಡು ಪುಟ ಸಾಕು. ಪದಕಗಳ ಪಟ್ಟಿ ಕೊನೆಯಲ್ಲಿ ಒಂದು ಸಾಲಿನಲ್ಲಿರಲಿ. ಪೋಸ್ಟಿಂಗ್‌ಗಳ ಇಡೀ ಇತಿಹಾಸ ಬೇಡ. ಪ್ರತಿ ಹುದ್ದೆಗೂ ಮೊದಲ ಅರ್ಧ ಪುಟವನ್ನು ಬದಲಿಸಿ ಕಳುಹಿಸಿ. ಒಂದೇ ರೆಸ್ಯೂಮೆಯನ್ನು ಐವತ್ತು ಕಡೆ ಕಳುಹಿಸಿ ಉತ್ತರ ಬರಲಿಲ್ಲವೆನ್ನುವವರ ರೆಸ್ಯೂಮೆ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ.

ಹಂತ 7: ಸಂದರ್ಶನ ಮತ್ತು ಸಂಬಳದ ಮಾತು

ಬೆನ್ನು ನೇರವಾಗಿಟ್ಟು ಕೂರುವುದು ಒಳ್ಳೆಯದೇ, ಆದರೆ ಪ್ರತಿ ಪ್ರಶ್ನೆಗೂ ‘ಎಸ್ ಸರ್’ ಎಂದಷ್ಟೇ ಹೇಳಿದರೆ ಕೆಲಸವಾಗದು. ನಿಮ್ಮ ಎದುರಿಗೆ ನಿಮಗಿಂತ ಹತ್ತು ವರ್ಷ ಚಿಕ್ಕವರಾದ ಮ್ಯಾನೇಜರ್ ಇರಬಹುದು. ಅವರು ಕೇಳುವುದು ಆಜ್ಞಾಪಾಲನೆಯನ್ನಲ್ಲ, ನೀವೇ ತೀರ್ಮಾನ ತೆಗೆದುಕೊಂಡ ಒಂದು ಸಂದರ್ಭವನ್ನು. ಅಂಥ ಮೂರು ಘಟನೆಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು, ಏನಾಯಿತು, ನೀವೇನು ಮಾಡಿದಿರಿ, ಫಲವೇನು ಎಂಬುದನ್ನು ಎರಡು ನಿಮಿಷದಲ್ಲಿ ಹೇಳುವುದನ್ನು ಮನೆಯವರ ಮುಂದೆ ಅಭ್ಯಾಸ ಮಾಡಿ.

ಸಂಬಳದ ಮಾತು ಬಂದಾಗ ‘ನಿಮಗೆ ಹೇಗೂ ಪಿಂಚಣಿ ಬರುತ್ತದಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಿಂಚಣಿ ನೀವು ಈಗಾಗಲೇ ಮಾಡಿ ಮುಗಿಸಿದ ಸೇವೆಗೆ ಬರುವ ಹಣ; ಮುಂದೆ ಮಾಡುವ ಕೆಲಸದ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಮೊತ್ತ ಹೇಳಬೇಡಿ. ‘ಈ ಹುದ್ದೆಗೆ ನಿಮ್ಮಲ್ಲಿ ಇತರರಿಗೆ ಕೊಡುವ ಸಂಬಳವನ್ನೇ ನಿರೀಕ್ಷಿಸುತ್ತೇನೆ’ ಎಂದು ವಿನಯದಿಂದ ಹೇಳಿ. ಹೀಗೆ ಹೇಳುವ ಧೈರ್ಯ ಬರಬೇಕಾದರೆ ಕೈಯಲ್ಲಿ ಆರು ತಿಂಗಳ ಮನೆಖರ್ಚು ಇರಬೇಕು. ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಒಟ್ಟಿಗೆ ಮುಂಗಡವಾಗಿ ಪಡೆಯುವುದು) ಮತ್ತು ಗುಂಪು ವಿಮೆಯ ಹಣ ಒಟ್ಟಿಗೆ ಬಂದಾಗ ಎಲ್ಲವನ್ನೂ ಮನೆ ಕಟ್ಟಲು ಸುರಿದವನು ಸಿಕ್ಕಿದ ಮೊದಲ ಕೆಲಸಕ್ಕೆ ತಲೆಯಾಡಿಸಬೇಕಾಗುತ್ತದೆ.

ಭದ್ರತಾ ಏಜೆನ್ಸಿಯ ಕೆಲಸ: ಸೇರುವ ಮೊದಲು ನೋಡಬೇಕಾದ್ದು

ಬಹಳಷ್ಟು ಮಂದಿಗೆ ಮೊದಲು ಸಿಗುವುದು ಇದೇ ಕೆಲಸ. ಇದರಲ್ಲಿ ಕೀಳೇನೂ ಇಲ್ಲ, ಆದರೆ ಕಣ್ಣುಮುಚ್ಚಿ ಸೇರಬಾರದು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಏಜೆನ್ಸಿಗೆ ಪರವಾನಗಿ ಕಡ್ಡಾಯ. ಅದರ ಪ್ರತಿಯನ್ನು ಕೇಳಿ ನೋಡಿ. ಈ ಕಾಯ್ದೆಯ ಮಾದರಿ ನಿಯಮಗಳಲ್ಲಿ ಸಾಮಾನ್ಯ ಅಭ್ಯರ್ಥಿಗೆ 100 ಗಂಟೆ ತರಗತಿ ಮತ್ತು 60 ಗಂಟೆ ಕ್ಷೇತ್ರ ತರಬೇತಿ ಇದ್ದರೆ ಮಾಜಿ ಸೈನಿಕರಿಗೆ 40 ಮತ್ತು 16 ಗಂಟೆ ಸಾಕೆಂದಿದೆ. ‘ಪೂರ್ಣ ತರಬೇತಿಯ ಶುಲ್ಕ’ ಎಂದು ಹಣ ಕೇಳುವ ಏಜೆನ್ಸಿಯನ್ನು ಅಲ್ಲಿಯೇ ಬಿಟ್ಟುಬಿಡಿ. ‘ಡಿಜಿಆರ್ ಪ್ರಾಯೋಜಿತ’ ಎಂದು ಹೇಳಿಕೊಂಡರೆ ಡಿಜಿಆರ್‌ನ ವೇತನ ಪಟ್ಟಿಯ ಪ್ರಕಾರ ಸಂಬಳ ಕೊಡುತ್ತೀರಾ ಎಂದು ಕೇಳಿ. ಸಂಬಳದ ಚೀಟಿ, ಪಿಎಫ್‌ನ ಯುಎಎನ್ ಸಂಖ್ಯೆ ಮತ್ತು ಎಂಟು ಗಂಟೆ ಮೀರಿದ ಪಾಳಿಗೆ ಓವರ್‌ಟೈಮ್ ಬಗ್ಗೆ ಬರಹದಲ್ಲಿ ಉತ್ತರ ಪಡೆಯಿರಿ.

ಕೆಳಗಿನವುಗಳಲ್ಲಿ ಒಂದು ಕಂಡರೂ ಹಿಂದೆ ಸರಿಯಿರಿ. ಮೂಲ ಡಿಸ್ಚಾರ್ಜ್ ಬುಕ್ ಅಥವಾ ಮೂಲ ಅಂಕಪಟ್ಟಿಯನ್ನು ‘ನಮ್ಮಲ್ಲೇ ಇರಲಿ’ ಎಂದು ಇಟ್ಟುಕೊಳ್ಳಲು ನೋಡುವುದು, ಸಮವಸ್ತ್ರಕ್ಕೋ ‘ಸೆಕ್ಯುರಿಟಿ ಡಿಪಾಸಿಟ್’ಗೋ ಮುಂಗಡ ಕೇಳುವುದು, ವಿಮಾನ ನಿಲ್ದಾಣದಲ್ಲಿ ಕೆಲಸವೆಂದು ವಾಟ್ಸ್ಯಾಪ್‌ನಲ್ಲೇ ನೇಮಕಾತಿ ಪತ್ರ ಕಳುಹಿಸುವುದು, ಪಿಂಚಣಿ ಖಾತೆಯ ಒಟಿಪಿ ಕೇಳುವುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗನ್‌ಮ್ಯಾನ್ ಕೆಲಸಕ್ಕೆ ಹೋಗುವವರು ಬಂದೂಕಿನ ಪರವಾನಗಿ ಯಾವ ಪ್ರದೇಶಕ್ಕೆ ಊರ್ಜಿತ ಎಂಬುದನ್ನು ಓದಿಯೇ ಹೊರಡಬೇಕು; ಪರವಾನಗಿಯ ವ್ಯಾಪ್ತಿಯ ಆಚೆ ಬಂದೂಕು ಒಯ್ದರೆ ಪ್ರಕರಣ ಬೀಳುವುದು ಏಜೆನ್ಸಿಯ ಮೇಲಲ್ಲ, ನಿಮ್ಮ ಮೇಲೆ.

ಹಂತ 8: ಸರ್ಕಾರಿ ಕೆಲಸಕ್ಕೆ ಸೇರುವ ದಿನ ಕೊಡಬೇಕಾದ ಒಂದು ಕಾಗದ

ಮಾಜಿ ಸೈನಿಕರ ಕೋಟಾದಲ್ಲಿ ಒಮ್ಮೆ ಕೇಂದ್ರದ ಖಾಯಂ ನಾಗರಿಕ ಹುದ್ದೆಗೆ ಸೇರಿದರೆ ಆ ಮೀಸಲಾತಿ ಅಲ್ಲಿಗೆ ಮುಗಿಯುತ್ತದೆ. ಅವಸರದಲ್ಲಿ ದೂರದ ಊರಿನ ಸಣ್ಣ ಹುದ್ದೆಗೆ ಸೇರಿ, ಎರಡು ತಿಂಗಳ ಬಳಿಕ ಉತ್ತಮ ಹುದ್ದೆಯ ಫಲಿತಾಂಶ ಬಂದಾಗ ಕೈ ಹಿಸುಕಿಕೊಂಡವರಿದ್ದಾರೆ. ಇದಕ್ಕೆ 2014ರ ಆದೇಶವೊಂದರಲ್ಲಿ ದಾರಿಯಿದೆ: ಸೇರುವ ಮೊದಲೇ ನೀವು ಬೇರೆ ಯಾವ ಯಾವ ಹುದ್ದೆಗಳಿಗೆ ಅರ್ಜಿ ಹಾಕಿದ್ದೀರಿ ಎಂಬುದರ ಸ್ವಯಂ ಘೋಷಣೆಯನ್ನು ಸೇರಿದ ಕೂಡಲೇ ಕಚೇರಿಗೆ ಕೊಟ್ಟರೆ, ಆ ಹುದ್ದೆಗಳ ಮಟ್ಟಿಗೆ ಮೀಸಲಾತಿ ಉಳಿಯುತ್ತದೆ. ಪಟ್ಟಿಯಲ್ಲಿ ಅಧಿಸೂಚನೆಯ ಸಂಖ್ಯೆ, ಹುದ್ದೆ, ಅರ್ಜಿ ಹಾಕಿದ ದಿನಾಂಕ ಮತ್ತು ನೋಂದಣಿ ಸಂಖ್ಯೆ ಇರಲಿ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಆವಕ ವಿಭಾಗದ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ನಿಮ್ಮ ಫೋಲ್ಡರಿನಲ್ಲಿಡಿ. ಆದ್ದರಿಂದ ಮೊದಲ ಅರ್ಜಿ ಹಾಕಿದ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಈ ವಿವರಗಳನ್ನು ಬರೆದಿಡುತ್ತಾ ಬರಬೇಕು.

ಸೇರಿದ ವಾರದಲ್ಲೇ ಮರುನೇಮಕದ ವಿಷಯವನ್ನು ಪಿಂಚಣಿ ಕೊಡುವ ಕಚೇರಿಗೆ ಅಥವಾ ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್ ಮೂಲಕ ತಿಳಿಸಿ, ಪಿಂಚಣಿಯ ಮೇಲಿನ ತುಟ್ಟಿಭತ್ಯೆ ಹೇಗೆಂದು ಲಿಖಿತವಾಗಿ ಕೇಳಿ. ಅಧಿಕಾರಿ ದರ್ಜೆಗಿಂತ ಕೆಳಗಿನವರ ವೇತನ ನಿಗದಿಯಲ್ಲಿ ಪಿಂಚಣಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ತುಟ್ಟಿಭತ್ಯೆಯ ವಿಷಯ ತಿಳಿಸದೆ ಬಿಟ್ಟು, ವರ್ಷಗಳ ನಂತರ ವಸೂಲಾತಿಯ ನೋಟಿಸ್ ಬಂದಾಗ ಮತ್ತೆ ಅದೇ ಫೋಲ್ಡರ್ ಹಿಡಿದು ನನ್ನ ಬಾಗಿಲಿಗೆ ಬಂದವರೂ ಇದ್ದಾರೆ.